ಪಾಚಿ ಹೋದ ವಾರ

ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ನಡೆದದ್ದಕ್ಕೆಲ್ಲ ಮೂಲ ಅದೇ. ಊಟಕ್ಕೆ ಕೂತರೂ ಒಂದು ಕಾಲು ಕುಣಿಯುತ್ತಿರುತ್ತದೆ. ಬಸ್ಸಿಗೆ ಕಾಯುವಾಗ ನಿಲ್ದಾಣದ ಈ ತುದಿಯಿಂದ ಆ ತುದಿಗೆ ನಡೆಯುತ್ತೇನೆ. ಶಿರಸಿಯಲ್ಲಿ ನನ್ನದು ಪಂಪ್‌ಸೆಟ್ಟಿನ ಮೋಟಾರು ರಿವೈಂಡಿಂಗ್ ಮಾಡುವ ಅಂಗಡಿ. ಸುಟ್ಟ ಮೋಟಾರು ಬಿಚ್ಚಿ, ಹಳೆಯ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಕೊಡುವುದು ಕೆಲಸ. ಅಲ್ಲಿ ಈ ಚಡಪಡಿಕೆ ಉಪಯೋಗಕ್ಕೆ ಬರುತ್ತದೆ. ಮನೆಗೆ ಬಂದರೆ ಅದೇ ಕೈ ಉಪದ್ರವ. ಗಡಿಯಾರ ಸರಿಯಿದ್ದರೂ ಬಿಚ್ಚುತ್ತೇನೆ, ನಲ್ಲಿ ಸೋರದಿದ್ದರೂ ತಿರುಪುತ್ತೇನೆ.

“ಅಂಡು ಸುಟ್ಟ ಬೆಕ್ಕಿನ ಹಂಗೆ ತಿರಗಡಿ, ಒಂದು ಕಡೆ ಕೂತ್ಕಳಿ” ಎಂದು ನನ್ನ ಹೆಂಡತಿ ಮದುವೆಯಾದಂದಿನಿಂದ ಹೇಳುತ್ತಿದ್ದಾಳೆ. ಇಂಥ ಮನುಷ್ಯ ಒಮ್ಮೆ ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಯೊಂದರಲ್ಲಿ ಒಂದು ಗಂಟೆ ಅಲ್ಲಾಡದೆ ಕೂತ. ಕಾಯುವ ಕೋಣೆಯ ಗೋಡೆಗೆ ದೊಡ್ಡ ಗಾಜಿನ ತೊಟ್ಟಿಯಿತ್ತು. ಒಳಗೆ ಸಮುದ್ರದ ನೀರು, ಬಂಡೆ, ಗಾಳಿಯಿಲ್ಲದೆಯೂ ತೂಗುವ ಹವಳ, ಅದರ ನಡುವೆ ನುಸುಳುವ ಮೀನು. ನನ್ನ ಸರದಿ ಕೂಗಿದ್ದೂ ಕೇಳಿಸಲಿಲ್ಲ. ಕಣ್ಣು ತೋರಿಸಿಕೊಂಡು ಹೊರಗೆ ಬಂದಾಗ, ಇಂಥದ್ದೊಂದು ಮನೆಯಲ್ಲಿದ್ದರೆ ನಾನೂ ನಾಲ್ಕು ಜನರ ಹಾಗೆ ಬದುಕಬಹುದು ಅನ್ನಿಸಿತು. ಎಂಥ ಲೆಕ್ಕಾಚಾರ ನೋಡಿ.

ಗಾಜಿನ ತೊಟ್ಟಿಯೊಂದನ್ನು ಮನೆಗೆ ತರಿಸಿಯೇಬಿಟ್ಟೆ. ಆದರೆ ಸಮುದ್ರ ಘಟ್ಟದ ಕೆಳಗೆ. ನಾವು ಮೇಲೆ. ಕರಾವಳಿಯಿಂದ ಶಿರಸಿ ಮಾರುಕಟ್ಟೆಗೆ ಮೀನು ತರುವ ಟೆಂಪೋ ಚಾಲಕನೊಬ್ಬ ನನಗೆ ಹಳೆಯ ಸ್ನೇಹಿತ. ಅವನ ಮನೆಯ ಪಂಪು ಕೆಟ್ಟಾಗಲೆಲ್ಲ ನಾನೇ ಹೋಗುವುದು. ಅವನು ನನ್ನ ಕ್ಯಾನುಗಳನ್ನು ಒಯ್ದು ದಡದಿಂದ ಒಳಗೆ, ನೀರು ತಿಳಿಯಾಗಿರುವಲ್ಲಿ ದೋಣಿಯವರಿಂದ ತುಂಬಿಸಿ ತರುತ್ತಿದ್ದ. ಮಂಗಳೂರಿನಲ್ಲಿ ಇದೇ ಹುಚ್ಚಿರುವ ಒಬ್ಬರು ಫೋನಿನಲ್ಲಿ ಪರಿಚಯವಾಗಿ, ತಮ್ಮ ತೊಟ್ಟಿಯಲ್ಲಿ ಬೆಳೆದಿದ್ದ ಮೆತ್ತನೆಯ ಹವಳದ ತುಂಡುಗಳನ್ನೂ ನಾಲ್ಕು ಬಸವನಹುಳಗಳನ್ನೂ ಕೊಟ್ಟರು. ಎರಡು ಕಿತ್ತಳೆ ಬಣ್ಣದ ಪಟ್ಟೆ ಮೀನು ಬಂದವು. ಕೊನೆಗೆ ಒಂದು ಸಿಗಡಿ ಬಂತು, ಕೆಂಪು ಬೆನ್ನು, ಬೆನ್ನ ಉದ್ದಕ್ಕೂ ಬಿಳಿ ಗೆರೆ, ಮೈಗಿಂತ ಉದ್ದ ಬಿಳಿ ಮೀಸೆ.

“ಮೇಸ್ತ್ರಿ, ನಾವು ಹುರಿದು ತಿನ್ನೋ ಶೆಟ್ಲಿಗೆ ನೀವು ಗಾಜಿನ ಮನೆ ಕಟ್ಸೀರಿ” ಎಂದು ಟೆಂಪೋ ಚಾಲಕ ನಕ್ಕ. ಅವನು ಶೆಟ್ಲಿ ಅಂದದ್ದು ಸಿಗಡಿಗೆ. ನಮ್ಮ ಮನೆಯಲ್ಲಿ ಈರುಳ್ಳಿ ಹೆಚ್ಚುವುದಕ್ಕೂ ದಿನ ನೋಡುವ ಪದ್ಧತಿಯಿದ್ದುದರಿಂದ ಅವನಿಗೆ ಇದು ಬಹಳ ದಿನದ ನಗೆಯಾಯಿತು.

ಆ ವರ್ಷದ ಚಳಿಗಾಲದಲ್ಲಿ ಅಕ್ಕ ನಮ್ಮಲ್ಲಿಗೆ ಬಂದಳು. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ನಿಲ್ಕುಂದದ ಹತ್ತಿರ ಕೊಟ್ಟಿತ್ತು. ಭಾವ ತೀರಿಕೊಂಡ ಮೇಲೆ, ಮಕ್ಕಳೂ ಇಲ್ಲದ್ದರಿಂದ, ಅಲ್ಲಿ ಒಬ್ಬಳೇ ಇರುವುದು ಬೇಡವೆಂದು ನಾವು ಮೂವರು ತಮ್ಮಂದಿರು ಸೇರಿ ತೀರ್ಮಾನಿಸಿದೆವು. ನಾಲ್ಕು ತಿಂಗಳು ಕಾನಸೂರಿನ ದೊಡ್ಡ ತಮ್ಮನಲ್ಲಿ, ನಾಲ್ಕು ತಿಂಗಳು ಯಲ್ಲಾಪುರದ ಕಡೆ ಇಡಗುಂದಿಯಲ್ಲಿ ನಡುವಿನವನಲ್ಲಿ, ನಾಲ್ಕು ತಿಂಗಳು ಶಿರಸಿಯಲ್ಲಿ ನನ್ನಲ್ಲಿ. ಪಾಳಿ ಎಂಬ ಮಾತನ್ನು ಮೊದಲು ಆಡಿದವನು ನಾನೇ. ಯಾರಿಗೂ ಹೊರೆಯಾಗಬಾರದು ಎಂದು ಬಹಳ ಬುದ್ಧಿವಂತಿಕೆಯಿಂದ ಹೇಳಿದ್ದೆ. ಅಕ್ಕನೂ ಅಲ್ಲೇ ಕೂತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ.

ಕಾನಸೂರಿನ ನಾಲ್ಕು ತಿಂಗಳು ಮುಗಿಸಿ ನಮ್ಮಲ್ಲಿಗೆ ಬಂದವಳು ಮೊದಲ ಹದಿನೈದು ದಿನ ಮಾತೇ ಆಡಲಿಲ್ಲ. ಬಡಿಸಿದ್ದು ಉಂಡಳು, ಹೇಳಿದ ಕೆಲಸ ಮಾಡಿದಳು, ತೊಟ್ಟಿಯ ಎದುರಿನ ಬೆಂಚಿನ ತುದಿಯಲ್ಲಿ ಕೂತಳು. ನೆಂಟರ ಮನೆಯಲ್ಲಿ ಕೂತಂತೆ ಪೂರ್ತಿ ಒರಗದೆ ಕೂರುತ್ತಿದ್ದಳು. ನನಗೆ ಅದನ್ನು ನೋಡಿದರೆ ಸಿಟ್ಟು ಬರುತ್ತಿತ್ತು. ಸಂಕಟವಾದಾಗ ನನಗೆ ಬರುವುದು ಸಿಟ್ಟೇ.

ಒಂದು ದಿನ ತೊಟ್ಟಿಯ ಗಾಜು ಉಜ್ಜುತ್ತಿದ್ದಾಗ ಸಿಗಡಿ ಬಂದು ನನ್ನ ಬೆರಳು ಹತ್ತಿತು. ಸಮುದ್ರದಲ್ಲಿ ಇವು ದೊಡ್ಡ ಮೀನುಗಳ ಮೈ ಸ್ವಚ್ಛ ಮಾಡಿ ಹೊಟ್ಟೆ ಹೊರೆಯುವ ಜಾತಿ. ಆದರೆ ನಾನು ಒಂದು ನಿಮಿಷ ಕೈ ನಿಲ್ಲಿಸುವವನಲ್ಲ, ಕೊಡವಿಬಿಟ್ಟೆ. ಅಕ್ಕ ಎದ್ದು ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಳೆ ಮೇಲೆ ಸರಿಸಿ, ಕೈಯನ್ನು ನೀರಿಗೆ ಇಳಿಬಿಟ್ಟು ಸುಮ್ಮನೆ ನಿಂತಳು. ಕಾನಸೂರಿನಲ್ಲಿ ಹಸಿ ಅಡಿಕೆ ಸುಲಿದ ಕಪ್ಪು ಇನ್ನೂ ಅವಳ ಉಗುರಿನ ಅಂಚಿನಲ್ಲಿತ್ತು. ಸಿಗಡಿ ಬಂಡೆಯಿಂದ ಇಳಿದು, ಮೀಸೆಯಿಂದ ಮೊದಲು ಮುಟ್ಟಿ ನೋಡಿ, ಆಮೇಲೆ ಅವಳ ಬೆರಳ ಮೇಲೆ ಕೂತು ಒಂದೊಂದೇ ಉಗುರಿನ ಅಂಚನ್ನು ಕೆದಕತೊಡಗಿತು. ಐದು ಬೆರಳು ಮುಗಿಸಲು ಎಷ್ಟೋ ಹೊತ್ತು ಹಿಡಿಯಿತು. ಅಕ್ಕ ಕದಲಲಿಲ್ಲ.

“ಕಚಗುಳಿ ಆಗ್ತು ಮಾರಾಯ” ಎಂದಳು. ಭಾವ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅಂದೇ ಮೊದಲು.

ಅಲ್ಲಿಂದ ಮುಂದೆ ಪ್ರತಿದಿನ ಬೆಳಿಗ್ಗೆ ಚಹಾ ಆದ ಮೇಲೆ ಅವಳ ಕೈ ನೀರಿನಲ್ಲಿ. ಸಿಗಡಿ ಅವಳ ಸೀರೆಯ ಬಣ್ಣ ಕಂಡರೆ ಸಾಕು, ಗಾಜಿನ ಬಳಿ ಬಂದು ಮೀಸೆ ಆಡಿಸುತ್ತಿತ್ತು. ಅವಳು ಅದರ ಹತ್ತಿರ ಮಾತಾಡಲು ಶುರು ಮಾಡಿದಳು; ಆಮೇಲೆ ನನ್ನ ಹೆಂಡತಿಯ ಹತ್ತಿರ, ಪಕ್ಕದ ಮನೆಯವರ ಹತ್ತಿರ. ಬೆಂಚಿನಲ್ಲಿ ಒರಗಿ ಕೂತಳು. ನಾಲ್ಕು ತಿಂಗಳು ಮುಗಿಯುತ್ತ ಬಂದಾಗ ಇಡಗುಂದಿಯಿಂದ ಫೋನು ಬಂತು, ಎಂದು ಕಳಿಸುತ್ತೀರಿ ಎಂದು. ಅಕ್ಕ ಒಳಗಿನಿಂದ, “ಇನ್ನೊಂದು ನಾಲ್ಕು ದಿನ ಹೋಗ್ಲಿ ಹೇಳು” ಅಂದಳು. ನಾಲ್ಕು ದಿನ ನಾಲ್ಕು ವಾರವಾಯಿತು. ನಾವೂ ಸುಮ್ಮನಿದ್ದೆವು. ಅವಳು ಇಲ್ಲಿಯೇ ಉಳಿಯುತ್ತಾಳೇನೋ ಎಂದು ನನಗೆ ಒಳಗೊಳಗೇ ಆಸೆ ಹುಟ್ಟಿತು. ಇಷ್ಟಕ್ಕೆಲ್ಲ ಆಧಾರ ಬೆರಳುದ್ದದ ಒಂದು ಸಿಗಡಿ.

ಆಗಲೇ ಪಾಚಿ ಬಂತು.

ಮೊದಲು ಒಂದು ಬಂಡೆಯ ತುದಿಯಲ್ಲಿ ಹಸಿರು ಕೂದಲು. ಹತ್ತು ದಿನದಲ್ಲಿ ಬಂಡೆಯೆಲ್ಲ ಅದೇ. ಉಪ್ಪುನೀರಿನ ತೊಟ್ಟಿಯಲ್ಲಿ ಪಾಚಿಗೆ ಬೇರೆ ಗೊಬ್ಬರ ಬೇಕಿಲ್ಲ. ಮೀನು ತಿನ್ನದೆ ಬಿಟ್ಟದ್ದು, ತಿಂದು ಬಿಟ್ಟದ್ದು ಎರಡೂ ಕೊಳೆತು ನೀರಿನಲ್ಲಿ ನೈಟ್ರೇಟು, ಫಾಸ್ಫೇಟು ಸೇರುತ್ತವೆ. ಸಮುದ್ರ ದೊಡ್ಡದು, ಅದಕ್ಕೆ ಲೆಕ್ಕವಿಲ್ಲ. ನನ್ನ ತೊಟ್ಟಿಗೆ ಒಂದು ಚಿಟಿಕೆ ಹೆಚ್ಚಾದರೂ ಹೆಚ್ಚೇ. ಪಾಚಿ ಹವಳದ ಬುಡಕ್ಕೆ ಹಬ್ಬಿ ಅದರ ಬಾಯಿ ಮುಚ್ಚಿಸುತ್ತಿತ್ತು. ಆವಿಯಾದ ನೀರಿಗೆ ಬದಲಾಗಿ ನಾನು ಸುರಿಯುತ್ತಿದ್ದದ್ದು ಬಾವಿ ನೀರು. ಅದರಲ್ಲೂ ಒಂದಿಷ್ಟು ಫಾಸ್ಫೇಟು ಇತ್ತು ಎಂದು ಪರೀಕ್ಷೆಯ ಸೀಸೆ ನೀಲಿಯಾಗಿ ತೋರಿಸಿತು.

ಬೇರೆ ಯಾರಾದರೂ ಆಗಿದ್ದರೆ ಒಂದೊಂದೇ ಸರಿಮಾಡುತ್ತಿದ್ದರು. ನಾನು ಒಂದೇ ವಾರದಲ್ಲಿ ಬಾವಿ ನೀರು ಬಿಟ್ಟು ಫಿಲ್ಟರಿನ ನೀರು ಹಿಡಿದೆ, ದೀಪದ ಹೊತ್ತು ಅರ್ಧಕ್ಕಿಳಿಸಿದೆ, ನೀರು ತಳ್ಳುವ ಪಂಪಿನ ಮುಖ ಎರಡು ಸಲ ತಿರುಗಿಸಿದೆ, ಫಾಸ್ಫೇಟು ಹೀರುವ ಕೆಂಪು ಹರಳು ತರಿಸಿ ಹಾಕಿದೆ, ಬಂಡೆಗಳನ್ನು ತೆಗೆದು ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದೆ. ತಿಕ್ಕಿದ ಪಾಚಿಯ ಚೂರು ಇಡೀ ತೊಟ್ಟಿಗೆ ಹರಡಿ, ಇಲ್ಲದ ಕಡೆಯೂ ಬೇರು ಬಿಟ್ಟಿತು. ಮಂಗಳೂರಿನವರಿಗೆ ದಿನಕ್ಕೆರಡು ಸಲ ಫೋನು.

“ಎಂತ ಮಾರಾಯ್ರೆ, ಒಂದೇ ವಾರದಲ್ಲಿ ಐದು ಬದಲಾವಣೆ ಮಾಡಿದ್ರೆ ಯಾವುದರಿಂದ ಏನಾಯ್ತು ಅಂತ ಗೊತ್ತಾಗುದು ಹೇಗೆ?” ಎಂದರು ಅವರು. “ಮೀನಿಗೆ ಹಾಕುದು ಕಡಿಮೆ ಮಾಡಿ. ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿ. ಮತ್ತೆ ಎರಡು ತಿಂಗಳು ಏನೂ ಮಾಡ್ಬೇಡಿ.”

ಎರಡು ತಿಂಗಳು. ನನಗೆ ಎರಡು ದಿನ ಕಳೆಯುವುದೇ ಕಷ್ಟ. ಅಂಗಡಿಯಲ್ಲಿ ತಂತಿ ಸುತ್ತುವಾಗಲೂ ಕಣ್ಣ ಮುಂದೆ ಹಸಿರು ಕೂದಲು. ಸುತ್ತು ಲೆಕ್ಕ ತಪ್ಪಿ ಮೂರು ಮೋಟಾರು ಮತ್ತೆ ಬಿಚ್ಚಬೇಕಾಯಿತು. ಊಟಕ್ಕೆ ಮನೆಗೆ ಬಂದರೆ ಕೈತೊಳೆಯುವ ಮೊದಲು ತೊಟ್ಟಿಯ ಮುಂದೆ. ಹೋಗುವಾಗ, ಬರುವಾಗ ಮೀನಿನ ಮೇಲೆ ಕನಿಕರ ಹುಟ್ಟಿ ಒಂದು ಚಿಟಿಕೆ ಆಹಾರ ಹಾಕುವುದನ್ನು ಮಾತ್ರ ನಾನು ಬಿಟ್ಟಿರಲಿಲ್ಲ. ಅದು ನನಗೆ ಕಂಡಿರಲೇ ಇಲ್ಲ. ಕಂಡವರ ಮೇಲೆಲ್ಲ ಹಾರಾಡಿದೆ. ತೊಟ್ಟಿಯ ಬಳಿ ಬಕೆಟ್ಟು ಇಟ್ಟಿದ್ದಕ್ಕೆ ಹೆಂಡತಿಯ ಮೇಲೆ, ಕಿಟಕಿಯ ಪರದೆ ಸರಿಸಿ ಬಿಸಿಲು ಬಿಟ್ಟದ್ದಕ್ಕೆ ಅಕ್ಕನ ಮೇಲೆ. ಒಂದು ಸಂಜೆ ಬ್ರಷ್ಷನ್ನು ನೆಲಕ್ಕೆ ಎಸೆದು, “ಈ ದರಿದ್ರ ತೊಟ್ಟಿಯ ನೀರೆಲ್ಲ ಗಟಾರಕ್ಕೆ ಚೆಲ್ಲಿ, ಇದ್ದಬದ್ದದ್ದನ್ನೆಲ್ಲ ಯಾರಿಗಾದ್ರೂ ಕೊಟ್ಬಿಡ್ತೆ, ನೋಡ್ತಾ ಇರಿ” ಎಂದು ಕೂಗಿದೆ. ಹೆಂಡತಿ ತಲೆಯೆತ್ತಲಿಲ್ಲ, ಅವಳಿಗೆ ನನ್ನ ಕೂಗು ಅಭ್ಯಾಸ. ಅಕ್ಕ ಬೆಂಚಿನಲ್ಲಿ ಕೂತಿದ್ದಳು. ಅವಳ ಮುಖವನ್ನು ನಾನು ನೋಡಲಿಲ್ಲ.

ಅದಾಗಿ ಮೂರು ದಿನಕ್ಕೆ ಪಾಚಿಯ ತುದಿ ಬೆಳ್ಳಗಾಯಿತು. ಮತ್ತೆರಡು ದಿನಕ್ಕೆ ಕೂದಲು ಕೂದಲೇ ಕಳಚಿ ತೇಲತೊಡಗಿತು. ನನಗೆ ನಂಬಲಾಗಲಿಲ್ಲ. ಕುಣಿದಾಡಿದೆ. ಮಂಗಳೂರಿಗೆ ಫೋನು ಮಾಡಿ, “ನಿಮ್ಮ ಎರಡು ತಿಂಗಳು ನಿಮಗೇ ಇರಲಿ, ನನ್ನದು ಎರಡು ವಾರದಲ್ಲಿ ಮುಗಿಯಿತು” ಎಂದೆ. ಕೆಂಪು ಹರಳಿನ ಗುಣಗಾನ ಮಾಡಿದೆ. ನೋಡಲು ಬಂದ ಟೆಂಪೋ ಚಾಲಕನಿಗೆ ಬಂಡೆಯ ಬರಿಮೈ ತೋರಿಸಿ ಅರ್ಧ ಗಂಟೆ ಭಾಷಣ ಬಿಗಿದೆ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ನಗುತ್ತಿದ್ದಳು. “ಇನ್ನು ಇದನ್ನ ಯಾರಿಗೂ ಕೊಡದು ಬ್ಯಾಡ, ಅಲ್ದಾ ತಮಾ?” ಎಂದು ಕೇಳಿದಳು. ನಾನು ಎಂಥ ಪ್ರಶ್ನೆಯಪ್ಪ ಇದು ಎಂದುಕೊಂಡೆ.

ಆ ವಾರದ ಸುಖ ಅಲ್ಲಿಗೆ ಮುಗಿಯಿತು. ಮರುದಿನ ಬಸವನಹುಳಗಳು ಗಾಜಿನಿಂದ ಕಳಚಿ ಮರಳಿನ ಮೇಲೆ ಅಂಗಾತ ಬಿದ್ದಿದ್ದವು. ಹವಳ ಮುದುಡಿ ಗುಂಡಿಯಷ್ಟಾಯಿತು. ಸಿಗಡಿ ಬಂಡೆಯ ಸಂದಿಯಲ್ಲಿ ಅಡಗಿ, ಅಕ್ಕನ ಕೈಗೆ ಬರಲಿಲ್ಲ. ಅವಳು ಬೆಳಿಗ್ಗೆ ಬಹಳ ಹೊತ್ತು ಕೈ ಇಳಿಬಿಟ್ಟು ನಿಂತಳು. “ಪೊರೆ ಬಿಡ ಹೊತ್ತಾಗಿಕ್ಕು, ನಾಚ್ಕೆ” ಎಂದಳು. ಅದು ಪೊರೆ ಬಿಡಲು ಹೊರಟದ್ದು ನಿಜ. ಬಿಡಲಾಗದೆ, ಅರ್ಧ ಹಳೆಯ ಚಿಪ್ಪಿನಲ್ಲೇ ಸಿಕ್ಕಿ ಮಧ್ಯಾಹ್ನ ಸತ್ತುಬಿದ್ದಿತ್ತು. ಅಕ್ಕನೇ ಅದನ್ನು ಅಂಗೈಯಲ್ಲಿ ಎತ್ತಿ ತಂದು ನನಗೆ ತೋರಿಸಿದಳು. ಹಿತ್ತಿಲಿಗೆ ಹೋಗಿ ದಾಸವಾಳದ ಬುಡದಲ್ಲಿ ಹುಗಿದು ಬಂದು, ಕೈ ತೊಳೆದು, ಅನ್ನಕ್ಕಿಟ್ಟಳು. ಅವಳು ಅತ್ತಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ನನಗೆ ಯಾರನ್ನಾದರೂ ಬೈಯಲೇಬೇಕಿತ್ತು. ಹಿಂದಿನ ವಾರ ಟೆಂಪೋ ಚಾಲಕ ಮಳೆಗಾಲಕ್ಕೆಂದು ಎಂಟು ಕ್ಯಾನು ನೀರು ತಂದುಕೊಟ್ಟಿದ್ದ. ಮಳೆ ಹಿಡಿದರೆ ಹೊಳೆಯ ನೀರು ಸೇರಿ ಕಡಲು ಸಪ್ಪೆಯಾಗುತ್ತದೆ. ತೊಟ್ಟಿಗೆ ಸುರಿದ ಆ ಕ್ಯಾನಿನ ನೀರಿನಲ್ಲಿ ಡೀಸೆಲ್ಲು ಬಿದ್ದಿದೆ ಎಂದು ನಾನೇ ನಿರ್ಧರಿಸಿ, ಮೀನು ಮಾರುಕಟ್ಟೆಗೇ ಹೋಗಿ, ಜನರೆದುರು ಬಾಯಿಗೆ ಬಂದಂತೆ ಅಂದೆ. ಅವನು ಕೇಳಿಸಿಕೊಂಡ.

“ಮೇಸ್ತ್ರಿ, ಕ್ಯಾನು ನಿಮ್ದು. ತೊಳೆದು ಕೊಟ್ಟೋರು ನೀವು. ಬೂಚು ಹಾಕಿ ಕಟ್ಟಿದ್ದ ದಾರನೂ ನೀವೇ ಬಿಚ್ಚೀರಿ” ಎಂದ. “ನಾನು ನೀರು ತಂದಿದ್ದು ದೋಸ್ತಿಗೆ. ಇನ್ನು ಬ್ಯಾಡ ಬಿಡ್ರಿ.” ಟೆಂಪೋ ಹತ್ತಿ ಹೋದ.

ಮಂಗಳೂರಿನವರು ಎಲ್ಲ ಕೇಳಿ, “ಮೀನು ಚೆನ್ನಾಗಿದೆಯಾ?” ಎಂದರು. ಮೀನಿಗೆ ಏನೂ ಆಗಿಲ್ಲ ಎಂದೆ. “ಪಾಚಿ ಸತ್ತಿದೆ, ಹುಳ ಸತ್ತಿದೆ, ಸಿಗಡಿ ಸತ್ತಿದೆ, ಮೀನು ಉಳಿದಿದೆ. ಹಾಗಾದ್ರೆ ನೋಡಿ, ಅದು ತಾಮ್ರ ಇರ್ಬಹುದು. ನೀರಿಗೆ ಎಲ್ಲಿಂದಲೋ ತಾಮ್ರ ಸೇರಿದೆ.”

ಫೋನಿಟ್ಟು ನನ್ನ ಕೈ ನೋಡಿಕೊಂಡೆ. ದಿನವಿಡೀ ತಾಮ್ರದ ತಂತಿ ಹಿಡಿಯುವ ಕೈ. ಉಗುರಿನ ಸಂದಿಯಲ್ಲಿ ಹೊಳೆಯುವ ಚೂರು. ಎಷ್ಟು ಸಲ ಈ ಕೈಯನ್ನು ತೊಳೆಯದೆ ತೊಟ್ಟಿಗೆ ಹಾಕಿದ್ದೇನೋ. ನಾನೇ ಕೊಂದೆ ಎಂದು ಮನಸ್ಸು ಹಿಂಡಿತು. ಅಕ್ಕನಿಗೆ ಹೇಳಬೇಕು ಎಂದುಕೊಂಡೆ. ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ನಿಲ್ಲುವುದು ನನ್ನ ಜಾಯಮಾನವಲ್ಲ. ಆ ಕ್ಷಣವೇ ತೊಟ್ಟಿಯ ಕೆಳಗಿನ ಸೋಸುವ ಪೆಟ್ಟಿಗೆಯನ್ನು ಪೂರ್ತಿ ಖಾಲಿ ಮಾಡಿ ತೊಳೆಯಲು ಶುರುಮಾಡಿದೆ. ಮೂಲೆಯಲ್ಲಿ, ಸ್ಪಂಜಿನ ಹಿಂದೆ, ಹಳೆಯ ಪಂಚೆಯ ತುಂಡಿನ ಒಂದು ಗಂಟು ಸಿಕ್ಕಿತು. ಬಾಳೆನಾರಿನಲ್ಲಿ ಕಟ್ಟಿದ್ದು. ಬಿಚ್ಚಿದರೆ ಒಳಗೆ ತಿಳಿನೀಲಿ ಗಸಿ.

ನಮ್ಮ ಅಡಿಕೆ ಸೀಮೆಯಲ್ಲಿ ಆ ಬಣ್ಣ ಗೊತ್ತಿಲ್ಲದವರಿಲ್ಲ. ಮೈಲುತುತ್ತ. ಮಳೆಗೆ ಮುಂಚೆ ಅಡಿಕೆಗೆ ಕೊಳೆರೋಗ ಬರದಂತೆ ಹೊಡೆಯುವ ಔಷಧ ಅದರದೇ. ಮೈಲುತುತ್ತವೆಂದರೆ ತಾಮ್ರದ ಉಪ್ಪು; ಹಾಗೇ ಹೊಡೆದರೆ ಎಳೆ ಕಾಯಿ ಸುಟ್ಟುಹೋಗುತ್ತದೆಂದು ಸುಣ್ಣದ ನೀರು ಬೆರೆಸುತ್ತಾರೆ. ಬೆರೆಸಿದ್ದು ಹದವಾಯಿತೋ ಇಲ್ಲವೋ ಎಂದು ತಿಳಿಯಲು ಕತ್ತಿಯನ್ನು ಅದ್ದಿ ಹಿಡಿಯುವುದು. ಅಲಗು ಕೆಂಪಾದರೆ ತುತ್ತದ ವಿಷ ಇನ್ನೂ ಇದೆ, ಸುಣ್ಣ ಸಾಲದು. ಅಲಗು ಬೆಳ್ಳಗೇ ಉಳಿದರೆ ಹದ ಸರಿ. ನಿಲ್ಕುಂದದಲ್ಲಿ ಮೂವತ್ತು ವರ್ಷ ಭಾವನಿಗೆ ಔಷಧ ಬೆರೆಸಿಕೊಟ್ಟವಳು ಅಕ್ಕ. ನೀರಿನ ತೊಟ್ಟಿಯಲ್ಲಿ ಪಾಚಿಯಾದರೂ ಅವರು ಇದನ್ನೇ ಗಂಟು ಕಟ್ಟಿ ಇಳಿಬಿಡುತ್ತಿದ್ದರು.

ಗಂಟು ಹಿಡಿದು ಅಡುಗೆಮನೆಗೆ ನುಗ್ಗಿದೆ. “ಇದು ಯಾರದು?”

“ಆನೇ ಇಟ್ಟಿದ್ದು” ಎಂದು ತನ್ನ ಎದೆ ಮುಟ್ಟಿಕೊಂಡಳು ಅಕ್ಕ. ಅವಳ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. “ಸುಣ್ಣ ಹಾಕಿ, ಕತ್ತಿ ಅದ್ದಿ ನೋಡೇ ಕಟ್ಟಿದ್ದು. ಅಲಗು ಕೆಂಪಾಯ್ದಿಲ್ಲೆ. ಎಂತಕ್ಕೆ?”

“ಎಂತಕ್ಕೆ ಅಂದ್ರೆ ಅದನ್ನ ಕೊಂದವಳು ನೀನು” ಎಂದೆ. “ನಿನ್ನ ಸಿಗಡಿನ್ನ ನೀನೇ ಕೊಂದೆ.”

ಆ ಮಾತು ಬಾಯಿಂದ ಹೊರಟದ್ದು ನನಗೆ ಈಗಲೂ ಕೇಳಿಸುತ್ತದೆ. ಅದಕ್ಕೆ ಮೊದಲು ಐದು ನಿಮಿಷ ತಪ್ಪು ನನ್ನದೇ ಎಂದು ನಂಬಿದ್ದೆ. ಹಾಗೇ ನಂಬಿದವನಂತೆ ನಟಿಸಲು ಏನು ಕಷ್ಟವಿತ್ತು? ನನ್ನ ಕೈಯ ತಾಮ್ರ ಎಂದಿದ್ದರೆ ಯಾರೂ ಅನುಮಾನಿಸುತ್ತಿರಲಿಲ್ಲ. ಅದು ಬಿಟ್ಟು, ಸುಣ್ಣ ಬೆರೆಸಿದರೂ ಉಪ್ಪುನೀರಿನಲ್ಲಿ ತಾಮ್ರ ಹೇಗೆ ಚೂರುಚೂರೇ ಬಿಡುತ್ತದೆ, ಮೀನು ತಡೆದುಕೊಳ್ಳುವಷ್ಟು ಸಿಗಡಿ, ಹುಳಗಳಿಗೆ ಯಾಕೆ ತಡೆಯುವುದಿಲ್ಲ ಎಂದು ಒಲೆಯ ಮುಂದೆ ನಿಂತು ಪಾಠ ಮಾಡಿದೆ. ಅಕ್ಕ ಸೌಟು ಹಿಡಿದು ನಿಂತೇ ಇದ್ದಳು. ಸಾರು ಉಕ್ಕಿತು. ಹೆಂಡತಿ ಬಂದು ಒಲೆ ಆರಿಸಿ, “ಸಾಕು, ಹೊರಗೆ ನಡೀರಿ” ಎಂದಳು.

ಮರುದಿನ ಬೆಳಗಿನ ಯಲ್ಲಾಪುರದ ಬಸ್ಸಿಗೆ ಅಕ್ಕ ಹೊರಟಳು. “ಇಡಗುಂದಿ ಪಾಳಿ ಯಾವಾಗ್ಲೋ ಬಂತಲ, ಅವು ಕಾಯ್ತಾ ಇರ್ತ” ಎಂದಳು. ನಾನು ತಡೆಯಲಿಲ್ಲ. ತಡೆಯಲು ಮುಖವಿರಲಿಲ್ಲ ಎನ್ನುವುದು ಈಗಿನ ಮಾತು. ಅಂದು ನನಗೆ ಇನ್ನೂ ಸಿಟ್ಟಿತ್ತು.

ಬಸ್ಸು ಹತ್ತಿಸಿ ಬಂದ ಹೆಂಡತಿ ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಳು. ಮೂರನೆಯ ದಿನ ಮೀನಿನ ಆಹಾರದ ಡಬ್ಬಿಯನ್ನು ನನ್ನ ಮುಂದೆ ಕುಕ್ಕಿದಳು. “ಅತ್ತಿಗೆ ಕೊಂದದ್ದು ಹೌದು. ಪಾಚಿ ಬರ್ಸಿದ್ದು ಯಾರು? ಹೋಗ್ತಾ ಒಂದ್ಸಲ, ಬರ್ತಾ ಒಂದ್ಸಲ ಹಾಕದು ಯಾರು? ಈ ಡಬ್ಬಿ ಎರಡು ತಿಂಗಳಿಗೆ ಬರದು, ಹದಿನೈದು ದಿನಕ್ಕೆ ಖಾಲಿ ಆಜು.” ಡಬ್ಬಿ ತೆಗೆದು ನೋಡಿದೆ. ತಳ ಕಾಣುತ್ತಿತ್ತು.

ಮುಂದಿನ ದಿನಗಳು ಕೆಟ್ಟದಾಗಿ ಕಳೆದವು. ಮನೆಯಲ್ಲಿ ಯಾರೂ ಇಲ್ಲದ ಬೆಂಚು, ತೊಟ್ಟಿಯಲ್ಲಿ ಬೋಳು ಬಂಡೆ. ತಾಮ್ರ ಬಂಡೆಯೊಳಗೆ ಇಳಿದಿರುತ್ತದೆ, ಬಹಳ ದಿನ ಬಿಡುತ್ತಲೇ ಇರುತ್ತದೆ, ಇದ್ದಿಲು ಇಟ್ಟು ನೀರು ಬದಲಿಸುತ್ತ ಕಾಯಬೇಕು ಎಂದರು ಮಂಗಳೂರಿನವರು. ಮಳೆ ಹಿಡಿದಿತ್ತು, ಪೊಟ್ಟಣದ ಉಪ್ಪು ತರಿಸಿ ಕರಗಿಸಿದೆ. ಟೆಂಪೋ ಚಾಲಕನ ಮನೆಗೆ ಹೋಗಿ, ಮಾರುಕಟ್ಟೆಯಲ್ಲಿ ಅಂದದ್ದಕ್ಕೆ ಅಲ್ಲೇ ಮಾರುಕಟ್ಟೆಯಲ್ಲಿ ತಪ್ಪಾಯಿತು ಎನ್ನುತ್ತೇನೆ, ಬಾ ಎಂದೆ. “ಅದೆಲ್ಲ ಬ್ಯಾಡ್ರಿ, ಕೂಡ್ರಿ, ಚಾ ಕುಡೀರಿ” ಎಂದ. ಕುಡಿದೆ. ಅವನು ಅಕ್ಕ ಹೇಗಿದ್ದಾರೆ ಎಂದು ಕೇಳಿದಾಗ ಲೋಟ ಕೆಳಗಿಟ್ಟೆ. ಇಡಗುಂದಿಗೆ ನಾನು ಒಮ್ಮೆಯೂ ಫೋನು ಮಾಡಿರಲಿಲ್ಲ. ಫೋನು ಎತ್ತುವುದು, ಇಡುವುದು, ಅಂಗಳದಲ್ಲಿ ನಾಲ್ಕು ಸುತ್ತು ಹಾಕುವುದು, ಮತ್ತೆ ಎತ್ತುವುದು. ಎಷ್ಟೋ ದಿನ ಹೀಗೇ ಕಳೆದೆ.

ಶ್ರಾವಣ ಮುಗಿಯುವ ಹೊತ್ತಿಗೆ ಬಂಡೆಯ ಒಂದು ತುದಿಯಲ್ಲಿ ಹಸಿರು ಕಂಡಿತು. ಬೆರಳಿನಿಂದ ಮುಟ್ಟಿದೆ. ಪಾಚಿಯೇ. ಅದು ಬಂತೆಂದರೆ ನೀರಿನ ವಿಷ ಇಳಿಯಿತು ಎಂದರ್ಥ. ಅಷ್ಟು ದಿನ ಶತ್ರುವೆಂದು ತಿಕ್ಕಿದ್ದನ್ನು ಕಂಡು ಕಣ್ಣಲ್ಲಿ ನೀರು ಬಂತು. ಅಂಗಡಿ ತೆರೆಯದೆ ನೇರ ಯಲ್ಲಾಪುರದ ಬಸ್ಸು ಹತ್ತಿದೆ.

ಇಡಗುಂದಿಯಲ್ಲಿ ಅಕ್ಕ ಹಿಂದಿನ ಬಾಗಿಲ ಬಳಿ ಹಲಸಿನ ಹಪ್ಪಳ ಡಬ್ಬಿಗೆ ತುಂಬುತ್ತಿದ್ದಳು. ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದೆ. ತಪ್ಪು ನಿನ್ನದಲ್ಲ, ಅಂಗಡಿಯ ತಾಮ್ರ ನನ್ನ ಕೈಯಲ್ಲಿತ್ತು, ಅದರಿಂದಲೇ ಸತ್ತದ್ದು, ಈಗ ಗೊತ್ತಾಯಿತು ಎಂದೆ.

ಅವಳು ಹಪ್ಪಳ ಎಣಿಸುವುದನ್ನು ನಿಲ್ಲಿಸಲಿಲ್ಲ. “ನಿನ್ನ ಕೈ ಮೊದ್ಲೂ ಹಂಗೇ ಇತ್ತಲ ತಮಾ” ಎಂದಳು. “ಸುಳ್ಳು ಹೇಳಲೆ ಇಷ್ಟು ದೂರ ಬಂದ್ಯಾ?”

ಇನ್ನೊಂದು ಕಟ್ಟು ಹಪ್ಪಳ ಡಬ್ಬಿಗಿಳಿಸಿ ಅವಳೇ ಹೇಳಿದಳು. “ನೀ ಅದನ್ನ ಯಾರಿಗಾದ್ರೂ ಕೊಟ್ಬಿಡ್ತೆ ಹೇಳಿ ಕೂಗಿದ್ಯಲ, ಅವತ್ತೇ ತುತ್ತ ತಂದಿಟ್ಟಿದ್ದು. ಅದು ಹೋದ್ರೆ ಆನು ಅಲ್ಲಿ ಎಂತಕ್ಕೆ ಇರದು ಹೇಳಿ ಆತು. ನಿನ್ನ ಹತ್ರ ಕೇಳ್ವ ಹೇಳಿ ಎರಡು ಸಲ ಬಂದಿದ್ದೆ. ನೀ ಅತ್ತಿಂದಿತ್ತ ತಿರಗ್ತಾ ಇದ್ದಿದ್ದೆ. ಕೇಳಿದ್ರೆ ಬೈತೆ ಹೇಳಿ ಕೇಳಿದ್ನಿಲ್ಲೆ.”

ಸಿಟ್ಟಿನಿಂದ ಹೇಳಿದ್ದಲ್ಲ. ಹಪ್ಪಳ ಇಷ್ಟಾಯಿತು ಎಂದ ಹಾಗೆ ಹೇಳಿದಳು. ಅವಳು ಕೇಳಿದ್ದರೆ ಒಂದು ಮಾತಿನಲ್ಲಿ ಬೇಡ ಎನ್ನಬಹುದಿತ್ತು. ಬೇಡ ಎನ್ನಲು ನನಗೆ ಒಂದು ಕ್ಷಣ ನಿಂತು ಕೇಳಿಸಿಕೊಳ್ಳುವುದಷ್ಟೇ ಬೇಕಿತ್ತು. ಮಂಗಳೂರಿನವರು ಹೇಳಿದ್ದೂ, ಹೆಂಡತಿ ಹೇಳಿದ್ದೂ, ಟೆಂಪೋ ಚಾಲಕ ಹೇಳಿದ್ದೂ ಕಿವಿಗೆ ಬಿದ್ದದ್ದು ಆ ಬಾಗಿಲ ಬಳಿ ನಿಂತಾಗಲೇ. ನಾಚಿಕೆಯಾಯಿತು. ಬಾಗಿಲ ಮೆಟ್ಟಿಲ ಮೇಲೆ ಕೂತು, ಪಾಳಿ ಗೀಳಿ ಇನ್ನು ಇಲ್ಲ, ಶಿರಸಿ ಮನೆ ನಿನ್ನದು, ಬಾ ಎಂದೆ. ಅವಳು ಅಂದೇ ಬರಲಿಲ್ಲ. ಹದಿನೈದು ದಿನ ಬಿಟ್ಟು, ತಾನೇ ಬಸ್ಸು ಹತ್ತಿ ಬಂದಳು.

ಬಂದು ಈಗ ಐದು ತಿಂಗಳು. ಮೀನಿಗೆ ದಿನಕ್ಕೆ ಒಂದೇ ಸಲ, ಅದೂ ನನ್ನ ಹೆಂಡತಿಯ ಕೈಯಿಂದ. ಪಾಚಿ ಇದೆ, ಬಂಡೆಯ ಒಂದು ಮಗ್ಗುಲಲ್ಲಿ ಅದರ ಪಾಡಿಗೆ ಅದಿದೆ. ಹೊಸ ಬಸವನಹುಳಗಳು ಮೇಯುತ್ತವೆ. ಹೊಸ ಸಿಗಡಿಯೊಂದೂ ಬಂದಿದೆ. ನಾನು ಕೂಗುವುದನ್ನು ಪೂರ್ತಿ ಬಿಟ್ಟಿದ್ದೇನೆ ಎಂದರೆ ಸುಳ್ಳಾದೀತು, ಆದರೆ ಕಡಿಮೆ ಮಾಡಿದ್ದೇನೆ.

ಆದರೆ ಅಕ್ಕ ಈಗ ಎಲ್ಲದಕ್ಕೂ ಕೇಳುತ್ತಾಳೆ. “ಮಿಕ್ಸಿ ಹಾಕ್ಲಾ?” “ಈ ಬಕೆಟ್ಟು ತಗಳ್ಲಾ?” “ಕಿಟಕಿ ತೆಗಿಲಾ?” ನನ್ನನ್ನು ಎತ್ತಿ ಆಡಿಸಿದವಳು, ತಮ್ಮನ ಮನೆಯಲ್ಲಿ ಕಿಟಕಿ ತೆರೆಯಲು ಒಪ್ಪಿಗೆ ಕೇಳುತ್ತಾಳೆ. ಕೇಳುವುದು ಬೇಡ ಅಕ್ಕ, ಇದು ನಿನ್ನ ಮನೆ ಎಂದು ಎಷ್ಟು ಸಲ ಹೇಳಿದ್ದೇನೋ. “ಆತು” ಎನ್ನುತ್ತಾಳೆ. ಮರುದಿನ ಮತ್ತೆ ಕೇಳುತ್ತಾಳೆ.

ಇವತ್ತು ಬೆಳಿಗ್ಗೆ ಚಹಾ ಆದ ಮೇಲೆ ತೊಟ್ಟಿಯ ಮುಂದೆ ನಿಂತು ಬಳೆ ಮೇಲೆ ಸರಿಸಿದಳು. ಹೊಸ ಸಿಗಡಿ ಗಾಜಿನ ಬಳಿ ಬಂದಿತ್ತು. ನನ್ನ ಕಡೆ ತಿರುಗಿ, “ತಮಾ, ಕೈ ಹಾಕ್ಲಾ?” ಎಂದಳು. ಹಾಕು ಎಂದೆ. ಹಾಕಲಿಲ್ಲ. ನಾನು ಎದ್ದು ಪಕ್ಕದಲ್ಲಿ ಬಂದು ನಿಲ್ಲುವವರೆಗೆ ಕೈಯನ್ನು ನೀರಿನ ಮೇಲೆ ಹಿಡಿದು ಕಾದಳು.